ಕಾಳುಗೂಡಿನ ಚರಗ

ಬೆಳಿಗ್ಗೆ ಹತ್ತೂಮುಕ್ಕಾಲಿಗೆ ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಮೊದಲ ಚುಕ್ಕೆ ಹಳದಿಯಾಯಿತು. ಎ ಬ್ಲಾಕು, ಏಳನೆಯ ಮಹಡಿ, ಪೂರ್ವದ ಮೂಲೆಮನೆ. ಜಗದೇವಿ ಅದನ್ನು ನೋಡಿದಳು, ಆದರೆ ಕೈಯಲ್ಲಿದ್ದ ಚಹಾದ ಲೋಟ ಕೆಳಗಿಡಲಿಲ್ಲ. ನಾನೂರ ಹನ್ನೆರಡು ಮನೆಗಳ ವಸಾಹತಿನಲ್ಲಿ ದಿನಕ್ಕೊಂದು ಚುಕ್ಕೆ ಹಳದಿಯಾಗುವುದು ದೊಡ್ಡ ಮಾತಲ್ಲ. ಎಲ್ಲೋ ಒಣಗಿದ ಎಲೆಯೊಂದು ಬೇರಿನ ನೀರಿಗೆ ಬಿದ್ದಿರುತ್ತದೆ, ನೀರು ಕದಡಿರುತ್ತದೆ, ಅಷ್ಟೇ.

ಪಕ್ಕದ ಚುಕ್ಕೆಯೂ ಹಳದಿಯಾದಾಗ ಅವಳು ಲೋಟ ಕೆಳಗಿಟ್ಟಳು. ಹನ್ನೊಂದು ಗಂಟೆಯೊಳಗೆ ಆ ಮಹಡಿ ಪೂರ್ತಿ ಹಳದಿ. ಆಮೇಲೆ ಅದರ ಕೆಳಗಿನದು.

‘ಮೇಡಂ, ಪರದಾಕ್ಕ ಕಾಮಾಲಿ ಆದಂಗ ಕಾಣ್ತದಲ್ರಿ!’ ಎಂದ ಖಾಜಾಸಾಬ. ನಿಯಂತ್ರಣ ಕೊಠಡಿಯ ತಂತ್ರಜ್ಞ. ಪಂಪು ರಿಪೇರಿಯಲ್ಲಿ ಅವನ ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ.

‘ನಗಬ್ಯಾಡ. ನೀರಿನ ಕೊಳವಿ ಎಲ್ಲ್ಯರ ಒಡದಾದೇನ ನೋಡು.’

‘ಒಡದ್ರ ಕೆಳಗಿಂದ ಮ್ಯಾಲ ಬರಬೇಕ್ರಿ. ಇದು ಮ್ಯಾಲಿಂದ ಇಳೀಲಕತ್ತಾದ. ಮೆಟ್ಟಲ ಇಳ್ದಂಗ.’

ಜಗದೇವಿ ಗಡಿಯಾರ ನೋಡುತ್ತ ಚುಕ್ಕೆಗಳನ್ನು ಎಣಿಸಿದಳು. ಒಂದು ಮನೆಯಿಂದ ಇನ್ನೊಂದು ಮನೆಗೆ ಎರಡು ನಿಮಿಷ, ಕೆಲವೊಮ್ಮೆ ಮೂರು. ನೀರು ಹರಿಯುವ ವೇಗವಲ್ಲ ಇದು, ರೋಗ ಹರಡುವ ವೇಗವೂ ಅಲ್ಲ. ಬಾಗಿಲಿನಿಂದ ಬಾಗಿಲಿಗೆ ನಡೆದು, ನಿಂತು ನಾಲ್ಕು ಮಾತಾಡಿ ಮುಂದೆ ಹೋಗುವ ಮನುಷ್ಯರ ವೇಗ.

‘ಇವತ್ತ ತಾರೀಖ ಎಷ್ಟು?’ ಎಂದು ಕೇಳಿದಳು.

ಖಾಜಾಸಾಬ ತಾರೀಖು ಹೇಳಲಿಲ್ಲ. ‘ಎಳ್ಳಮಾಸಿ ಅಲ್ಲೇನ್ರಿ?’ ಎಂದ.

ಜಗದೇವಿ ಎದ್ದು ಮನೆಗೆ ಓಡಿದಳು.

ಕಲಬುರಗಿಯಿಂದ ಮೂವತ್ತು ಕಿಲೋಮೀಟರು ದೂರದ ಈ ವಸಾಹತಿನ ಸುತ್ತ ಕಣ್ಣು ಹಾಯುವವರೆಗೂ ಸೌರಫಲಕಗಳು. ಒಂದು ಕಾಲಕ್ಕೆ ಅಲ್ಲೆಲ್ಲ ತೊಗರಿ ಇತ್ತು. ಕರಿಮಣ್ಣಿನ ಹೊಲಗಳನ್ನು ಫಲಕಗಳಿಗೆ ಗುತ್ತಿಗೆ ಕೊಟ್ಟ ಮೂರು ಹಳ್ಳಿಯವರು ಈಗ ಆರು ಬ್ಲಾಕುಗಳಲ್ಲಿ ಇದ್ದರು. ಮನೆ ಚೆನ್ನಾಗಿತ್ತು, ನೀರಿತ್ತು, ಕರೆಂಟಿಗಂತೂ ಬರವಿಲ್ಲ. ಬೇಳೆ ಮಾತ್ರ ಹೊರಗಿನಿಂದ ಬರಬೇಕಾಯಿತು. ತೊಗರಿಯ ನಾಡಿನವರು ಬೇಳೆಗಾಗಿ ಲಾರಿಯ ದಾರಿ ಕಾಯುವುದೇ ಎಂದು ಮೊದಲ ವರ್ಷವೇ ಗೊಣಗಾಟ ಎದ್ದಿತು. ಆಗ ಬಂದದ್ದು ಕಾಳುಗೂಡು.

ಅಡುಗೆಮನೆಯ ಪಕ್ಕದ ಗ್ಯಾಲರಿಯಲ್ಲಿ ನಿಲ್ಲುವ, ಆಳೆತ್ತರದ ಗಾಜಿನ ಕಪಾಟು ಅದು. ಮೇಲೆ ಬೆಳಕಿನ ಹಲಗೆ, ನಡುವೆ ಮೊಳಕಾಲುದ್ದದ ಗಿಡ್ಡ ತೊಗರಿ, ಕಡಲೆ, ಹೆಸರು. ಬುಡದಲ್ಲಿ ಬೇರುಗಳು ಇಳಿಬಿದ್ದ ನೀರಿನ ಪೆಟ್ಟಿಗೆ. ಆ ನೀರಿನಲ್ಲಿ ಗಿಡಕ್ಕೆ ಬೇಕಾದ ಲವಣಗಳೆಲ್ಲ ಇದ್ದವು, ಒಂದನ್ನು ಬಿಟ್ಟು: ಸಾರಜನಕ. ಅದನ್ನು ಬೇಕೆಂದೇ ಬಿಟ್ಟಿದ್ದರು. ಸಾರಜನಕವಿಲ್ಲದೆ ಪ್ರೋಟೀನು ಇಲ್ಲ. ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸಾರಜನಕವೇ ಇದ್ದರೂ ಗಿಡ ಅದನ್ನು ನೇರವಾಗಿ ಹೀರಲಾರದು. ಹಸಿದ ದ್ವಿದಳ ಗಿಡ ಬೇರಿನ ಮೂಲಕ ಒಂದು ಜಾತಿಯ ಬ್ಯಾಕ್ಟೀರಿಯಾಗಳನ್ನು ಕರೆಯುತ್ತದೆ, ಅವಕ್ಕೆ ಬೇರಿನಲ್ಲೇ ಗಂಟಿನಂಥ ಮನೆ ಕಟ್ಟಿಕೊಡುತ್ತದೆ, ಸಕ್ಕರೆ ಉಣಿಸುತ್ತದೆ. ಪ್ರತಿಯಾಗಿ ಅವು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒಗ್ಗುವಂತೆ ಮಾಡಿಕೊಡುತ್ತವೆ. ಗೊಬ್ಬರ ಬೇಡ, ಲಾರಿ ಬೇಡ. ಒಂದು ಗೂಡು ಒಂದು ಮನೆಯ ಬೇಳೆಯನ್ನು ಗಾಳಿಯಿಂದಲೇ ಬೆಳೆದುಕೊಡುತ್ತಿತ್ತು. ಜಗದೇವಿ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿದ್ದು ಈ ಬೇರುಗಂಟುಗಳಿಗಾಗಿಯೇ ಏನೋ ಎಂಬಂತೆ ಮೂರು ವರ್ಷದಿಂದ ಅವುಗಳನ್ನು ಕಾಯುತ್ತಿದ್ದಳು.

ಈ ಒಪ್ಪಂದಕ್ಕೆ ಇದ್ದದ್ದು ಒಂದೇ ಶರತ್ತು. ಗಿಡ ಹಸಿದಿರಬೇಕು. ಅದಕ್ಕೆಂದೇ ಪ್ರತಿ ಗೂಡಿನ ಮೇಲೂ ಬರೆದಿತ್ತು: ಒಳಗೆ ಏನನ್ನೂ ಹಾಕಬಾರದು.

ಬಿ ಬ್ಲಾಕಿನ ಮೂರನೆಯ ಮಹಡಿಯಲ್ಲಿ ಅವಳ ಮನೆ. ಬಾಗಿಲು ತೆರೆದೇ ಇತ್ತು. ಅತ್ತೆ ಚಂದಮ್ಮ ಇಳಕಲ್ ಸೀರೆಯುಟ್ಟು ಗೂಡಿನ ಮುಂದೆ ಕುಳಿತಿದ್ದಳು. ಗಾಜಿಗೆ ಕುಂಕುಮ, ಬೆಳಕಿನ ಹಲಗೆಗೆ ಹಸಿರು ಕುಪ್ಪಸದ ಖಣ. ಎದುರಿಗೆ ಬುಟ್ಟಿಯಲ್ಲಿ ಸಜ್ಜೆ ಕಡುಬು, ಎಳ್ಳುಹೋಳಿಗೆ, ಹಸಿಕಾಳು ಹಾಕಿ ಕುದಿಸಿದ ಭಜ್ಜಿ, ತಂಬಿಗೆಯ ತುಂಬ ಅಂಬಲಿ. ತಂಬಿಗೆ ಅರ್ಧ ಖಾಲಿಯಾಗಿತ್ತು.

‘ಅತ್ತಿ, ಏನ್ ಮಾಡ್ಲಕತ್ತೀರಿ?’

‘ಕಾಣಲ್ಲೇನ? ಚರಗ ಚೆಲ್ಲೀನಿ. ಕೈ ತೊಳ್ಕೊಂಡ್ ಬಾ, ಉಣ್ಣೂಣು.’

ಎಳ್ಳು ಅಮಾವಾಸ್ಯೆಯ ಹೊತ್ತಿಗೆ ಹೊಲದಲ್ಲಿ ಕಾಳು ಕಟ್ಟುತ್ತಿರುತ್ತದೆ. ಆ ದಿನ ಭೂಮಿತಾಯಿ ಬಸುರಿ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಅವಳಿಗೆ ಬಯಕೆಯೂಟವನ್ನು ಚೆಲ್ಲಿದ ಮೇಲೆಯೇ ತಾವು ಉಣ್ಣುತ್ತಾರೆ. ಆ ಚೆಲ್ಲುವ ಊಟವೇ ಚರಗ. ಎರಡು ವರ್ಷ ಈ ಜನ ಹೊಲವಿಲ್ಲದೆ ಹಬ್ಬವನ್ನು ಸುಮ್ಮನೆ ಕಳೆದಿದ್ದರು. ಈ ವರ್ಷ ಬೆಳಕಿನ ಲೆಕ್ಕ ಹೊಂದಿಸಿದ್ದರಿಂದ ಎಲ್ಲ ಗೂಡುಗಳಲ್ಲೂ ತೊಗರಿ ಒಟ್ಟಿಗೆ ಹೂ ಕಳಚಿ ಕಾಯಿ ಕಟ್ಟುತ್ತಿತ್ತು. ಕಣ್ಣೆದುರೇ ಬಸುರಿ ನಿಂತಿರುವಾಗ ಯಾವ ಹೆಂಗಸು ಸುಮ್ಮನಿದ್ದಾಳು?

‘ಬರದಿದ್ದು ಓದಿಲ್ಲೇನ್ರಿ? ಒಳಗ ಏನೂ ಹಾಕಬಾರ್ದಂತ ಅದ.’

‘ಓದೀನಿ. ಕಸ ಹಾಕಬಾರ್ದಂತ ಬರದಾರ. ಇದೇನ ಕಸ ಅದನ?’ ಚಂದಮ್ಮ ಸೊಸೆಯ ಮುಖ ನೋಡಿದಳು. ‘ನಿನಗ ಏಳ ತಿಂಗಳಿದ್ದಾಗ ನಾ ಏನೇನ್ ಮಾಡಿ ಹಾಕಿದ್ದೆ, ಮರತೀ? ಬಸುರಿ ಹೊಟ್ಟಿ ಬಣಬಣ ಇಟ್ಟು ನಾವ್ ಉಣ್ಣದಂದ್ರ ಗಂಟಲಾಗ ಇಳೀತದೇನ?’

ಜಗದೇವಿಗೆ ನಗುವೂ ಬಂತು, ಅಳುವೂ ಬಂತು. ಬೇರಿನ ನೀರಿನಲ್ಲಿ ಕಡುಬಿನ ತುಂಡೊಂದು ನೆಮ್ಮದಿಯಾಗಿ ತೇಲುತ್ತಿತ್ತು.

ಮುಂದೇನಾಗುತ್ತದೆಂದು ಅವಳಿಗೆ ಬಾಯಿಪಾಠವಾಗಿತ್ತು. ಅನ್ನ ಕೊಳೆತು ನೀರಿನಲ್ಲಿ ಅಮೋನಿಯಾ ಏರುತ್ತದೆ. ಅದು ಗಿಡಕ್ಕೆ ತಯಾರು ಸಾರಜನಕ. ಬೀಗರ ಮನೆಯಿಂದ ಬುತ್ತಿ ಬಂದ ಮೇಲೆ ಒಲೆ ಹಚ್ಚುವವರು ಯಾರು? ಗಿಡ ತನ್ನ ಬ್ಯಾಕ್ಟೀರಿಯಾಗಳಿಗೆ ಸಕ್ಕರೆ ನಿಲ್ಲಿಸುತ್ತದೆ. ಬೇರುಗಂಟುಗಳು ಸಾಯುತ್ತವೆ. ನಾಲ್ಕಾರು ದಿನ ಎಲೆ ಹಸಿರೋ ಹಸಿರು. ಆಮೇಲೆ ಬುತ್ತಿಯೂ ಮುಗಿದು, ಒಲೆಯೂ ಆರಿ, ಕಾಯಿಯೆಲ್ಲ ಜೊಳ್ಳು.

ಇದರ ಮೇಲೆ ಇನ್ನೊಂದು ಗಂಡಾಂತರ ಕಾದಿತ್ತು. ಕಾಳುಗೂಡುಗಳಿಗೆ ಮೂರು ವರ್ಷದ ಗಡುವು. ಇನ್ನು ಹದಿನಾಲ್ಕು ದಿನಕ್ಕೆ ಪೋಷಣಾ ಮಂಡಳಿಯ ಪರಿಶೀಲನೆ. ಮುನ್ನೂರು ಮನೆಗಳಲ್ಲಾದರೂ ಬೇರುಗಂಟುಗಳು ಜೀವಂತವಿರಬೇಕು. ಇಲ್ಲವಾದರೆ ಗೂಡುಗಳನ್ನು ಎತ್ತಿ, ಪ್ರತಿ ಬ್ಲಾಕಿಗೊಂದು ಹುದುಗು ತೊಟ್ಟಿ ಇಡುತ್ತಾರೆ. ತೊಟ್ಟಿಯಲ್ಲಿ ತಯಾರಾದ ಪ್ರೋಟೀನು ಪುಡಿ ಮನೆಗೆ ಬರುತ್ತದೆ. ಪುಡಿ ಒಳ್ಳೆಯದೇ. ಜಗದೇವಿ ತಾನೇ ಪರೀಕ್ಷಿಸಿ ಒಳ್ಳೆಯದೆಂದು ಬರೆದುಕೊಟ್ಟಿದ್ದಳು. ಆದರೆ ಅದಕ್ಕೆ ಒಗ್ಗರಣೆ ಹಾಕಿದರೆ ಒಗ್ಗರಣೆಯ ವಾಸನೆ ಮಾತ್ರ ಬರುತ್ತಿತ್ತು.

ಅವಳು ಕೊಠಡಿಗೆ ಹಿಂದಿರುಗಿ ಧ್ವನಿವರ್ಧಕದಲ್ಲಿ ಕೂಗಿಸಿದಳು: ಎಲ್ಲರೂ ಕೂಡಲೇ ಗೂಡಿನ ಪೆಟ್ಟಿಗೆಯ ನೀರನ್ನು ಬಚ್ಚಲಿಗೆ ಚೆಲ್ಲಬೇಕು, ಹೊಸ ನೀರು ತುಂಬಬೇಕು. ಪಂಪಿನಿಂದ ಬಸಿಯೋಣವೆಂದರೆ ಸಜ್ಜೆಯ ತರಿ ಜರಡಿಗಳಿಗೆಲ್ಲ ಕಚ್ಚಿಕೊಂಡು, ಎಲ್ಲ ಮನೆ ಮುಗಿಯಲು ಒಂಬತ್ತು ದಿನ ಬೇಕೆಂದು ಖಾಜಾಸಾಬ ಲೆಕ್ಕ ಹೇಳಿದ್ದ. ಕೈಯಿಂದಲೇ ಆಗಬೇಕಿತ್ತು.

ಮರುದಿನ ಸಂಜೆಯವರೆಗೆ ಹನ್ನೊಂದು ಮನೆಯವರು ನೀರು ಚೆಲ್ಲಿದ್ದರು. ಉಳಿದವರು ಬಾಗಿಲಲ್ಲೇ ನಿಂತು ಕೈಮುಗಿದರು. ಚರಗವನ್ನು ಬಚ್ಚಲಿಗೆ ಚೆಲ್ಲುವುದೇ? ಸಿ ಬ್ಲಾಕಿನ ಒಬ್ಬ ಮುದುಕಿಯಂತೂ ಖಾಜಾಸಾಬನಿಗೆ, ‘ನಿನ್ನ ಹೆಂಡ್ತಿಗಿ ಉಣಸಿದ್ದು ಮೋರಿಗಿ ಹಾಕ್ತಿ ಏನೋ ಭಾಡ್ಯಾ’ ಎಂದು ಬಾಗಿಲು ಹಾಕಿಕೊಂಡಿದ್ದಳು.

ಮೂರನೆಯ ದಿನ ಬೆಳಿಗ್ಗೆ ಜಗದೇವಿ ಕೊಠಡಿಯ ಪ್ರಯೋಗಮೇಜಿನ ಮೇಲೆ ಒಂದು ಬೇರುಗಂಟನ್ನು ಬ್ಲೇಡಿನಿಂದ ಸೀಳಿದಳು. ಜೀವಂತ ಗಂಟಿನ ಒಳಗು ಗುಲಾಬಿ ಬಣ್ಣವಿರುತ್ತದೆ. ನಮ್ಮ ರಕ್ತವನ್ನು ಕೆಂಪಾಗಿಸುವ ವಸ್ತುವಿನ ದಾಯಾದಿಯೊಂದು ಅದರೊಳಗಿದೆ. ಈ ಗಂಟು ಹಸಿರಾಗಿತ್ತು, ಹಳಸಿದ ಪಲ್ಯದ ಹಾಗೆ. ಪರದೆಯ ಮೇಲೆ ಜೀವಂತ ಗಂಟುಗಳ ಮನೆ ಎಪ್ಪತ್ತೊಂದು.

‘ಸೆನ್ಸರ್ ಕೆಟ್ಟಿದ್ವು ಅಂತ ಬರದುಬಿಡ್ರಿ,’ ಎಂದ ಖಾಜಾಸಾಬ ಮೆಲ್ಲಗೆ. ‘ಎರಡ್ ವಾರದ ವಾಯಿದಾ ಸಿಗ್ತದ. ಸೆನ್ಸರ್‌ಗೇನು ಸಿಟ್ಟ ಬರ್ತದೇನ್ರಿ?’

ಜಗದೇವಿ ದಿನಚರಿ ಪುಸ್ತಕ ತೆರೆದಳು. ‘ಬೇರಿನ ನೀರಿಗೆ ಸೇರಿದ ಹೊರವಸ್ತು’ ಎಂಬ ಅಂಕಣವಿತ್ತು. ಪೆನ್ನು ಹಿಡಿದಳು. ಸುಳ್ಳು ಬರೆದರೆ ಸುಲಭ. ಆದರೆ ಕೆಟ್ಟದ್ದು ಯಾವುದೆಂದು ಸರಿಯಾಗಿ ಬರೆಯದೆ ಅದನ್ನು ಸರಿಮಾಡುವುದು ಹೇಗೆ? ‘ಚರಗ’ ಎಂದು ಬರೆದು ಪುಸ್ತಕ ಮುಚ್ಚಿದಳು.

ಮಧ್ಯಾಹ್ನ ಊಟಕ್ಕೆ ಬಂದಾಗ ಚಂದಮ್ಮ ರೊಟ್ಟಿ ಬಡಿಸಿದಳು. ಗೂಡು ಎತ್ತಿಕೊಂಡು ಹೋಗುತ್ತಾರೆಂಬ ಸುದ್ದಿ ಅಷ್ಟರಲ್ಲಿ ಬ್ಲಾಕೆಲ್ಲ ಸುತ್ತಿ ಅವಳಿಗೂ ಮುಟ್ಟಿತ್ತು.

‘ಖರೇನ ಒಯ್ತಾರೇನ?’ ಎಂದು ಕೇಳಿದಳು.

‘ನೀರ ತೆಗೀಲಿಲ್ಲಂದ್ರ ಒಯ್ತಾರ್ರಿ.’

‘ಉಣಸಿದ್ರ ಸಾಯೂ ಗಿಡ ನಾ ಎಲ್ಲೂ ಕಂಡಿಲ್ಲ ಬಿಡವ್ವ. ಐವತ್ತ ವರ್ಷ ಹೊಲದಾಗ ಚೆಲ್ಲೀನಿ. ಒಂದ್ ಗಿಡಕ್ಕೂ ಏನೂ ಆಗಿಲ್ಲ.’

ಜಗದೇವಿಯ ಕೈ ರೊಟ್ಟಿಯ ಮೇಲೆ ನಿಂತಿತು. ಕಾಲೇಜಿನ ಅಭ್ಯಾಸ ಅದು. ಎರಡು ಪ್ರಯೋಗಗಳ ಫಲ ಬೇರೆಯಾದರೆ ಎಲ್ಲೋ ಒಂದು ಅಂಶ ಬೇರೆಯಿರಲೇಬೇಕು.

‘ಹೊಲದಾಗ ಎಲ್ಲಿ ಚೆಲ್ಲತಿದ್ರಿ? ಗಿಡದ ಬುಡಕ್ಕೇನು?’

‘ಹುಚ್ಚಿ! ಬುಡಕ್ಕ ಯಾರ ಹಾಕ್ತಾರ? ಬುಡಕ್ಕ ಹಾಕಿದ್ರ ಇರಿವಿ ಹತ್ತತಾವ, ಬೇರ ಕೊಳೀತದ. ನಾಲ್ಕ ದಿಕ್ಕಿಗಿ ಚೆಲ್ಲಬೇಕು. ಬದುವಿನ ಮ್ಯಾಲ. ಹಕ್ಕಿ ಪಕ್ಕಿ ತಿಂತಾವ, ಉಳದಿದ್ದು ಮಣ್ಣಾಗ್ತದ.’

‘ಮತ್ತ ಇಲ್ಲಿ ಯಾಕ ಬುಡಕ್ಕ ಹಾಕಿದ್ರಿ?’

ಚಂದಮ್ಮ ಗ್ಯಾಲರಿಯ ಕಡೆ ಕೈ ಮಾಡಿ ತೋರಿಸಿದಳು. ಮೂರು ಕಡೆ ಗೋಡೆ, ಒಂದು ಕಡೆ ಬಾಗಿಲು, ನಡುವೆ ಗಾಜಿನ ಕಪಾಟು.

‘ನೀವು ದಿಕ್ಕ ಎಲ್ಲಿ ಇಟ್ಟೀರಿ ಇದಕ್ಕ?’ ಎಂದಳು. ‘ನಾ ಸುತ್ತ ನೋಡ್ದೆ, ನೋಡ್ದೆ. ಚೆಲ್ಲಾಕ ಜಾಗಾನೇ ಇಲ್ಲ. ಮುಚ್ಚಳ ಒಂದ್ ತೆರೀತಿತ್ತು. ಹಾಕ್ದೆ.’

ಜಗದೇವಿ ಗೂಡಿನ ಕಡೆ ತಿರುಗಿ ನೋಡಿದಳು. ಬೆಳಕು, ತೇವ, ಲವಣ, ಎಲೆಯ ನಡುವಿನ ಅಂತರ, ಎಲ್ಲವನ್ನೂ ಮಿಲಿಮೀಟರಿನಲ್ಲಿ ಅಳೆದು ಮಾಡಿದ ಗೂಡು ಅದು. ಹೊಲಕ್ಕೆ ಬದು ಇರುತ್ತದೆಂಬುದನ್ನು ಅಳತೆ ಮಾಡಿದವರಲ್ಲಿ ಒಬ್ಬರೂ ನೆನೆದಿರಲಿಲ್ಲ. ಅವಳೂ ನೆನೆದಿರಲಿಲ್ಲ, ಹೊಲದಲ್ಲೇ ಹುಟ್ಟಿ ಬೆಳೆದವಳು.

‘ಅತ್ತಿ,’ ಎಂದಳು, ‘ಆ ನೀರು ಬಚ್ಚಲಕ್ಕ ಬ್ಯಾಡ. ಹೊರಗ ಒಯ್ದು ನಾಲ್ಕ ದಿಕ್ಕಿಗಿ ಚೆಲ್ಲಿದ್ರ?’

ಚಂದಮ್ಮ ರೊಟ್ಟಿಯ ಬುಟ್ಟಿ ಬದಿಗೆ ಸರಿಸಿದಳು. ‘ಇದು ಮೊದಲ ಹೇಳಬೇಕೋ ಬ್ಯಾಡೋ?’ ಎನ್ನುತ್ತ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಧ್ವನಿವರ್ಧಕ ಬೇಡವೆಂಬಂತೆ ಬಾಗಿಲಲ್ಲಿ ನಿಂತು ಎದುರುಮನೆಯವಳನ್ನು ಕೂಗಿದಳು.

ಎರಡು ಗಂಟೆಗೆ ಮೊದಲ ಕೊಡ ಕೆಳಗಿಳಿಯಿತು. ಮೂರಕ್ಕೆ ಆರೂ ಬ್ಲಾಕುಗಳ ಮೆಟ್ಟಿಲುಗಳ ಮೇಲೆ ಕೊಡ, ಚರಿಗೆ, ಬಕೆಟ್ಟು, ಪ್ರೆಶರ್ ಕುಕ್ಕರು. ಲಿಫ್ಟಿನಲ್ಲಿ ಒಯ್ಯಬಾರದೆಂದು ಯಾರೂ ಹೇಳಿರಲಿಲ್ಲ, ಆದರೂ ಯಾರೂ ಒಯ್ಯಲಿಲ್ಲ. ವಸಾಹತಿನ ನಾಲ್ಕು ಮೂಲೆಗಳಲ್ಲಿ, ಸೌರಫಲಕಗಳ ಬೇಲಿಯ ಪಕ್ಕದಲ್ಲಿ, ಹಳೆಯ ಹೊಲಗಳ ಬದು ಇನ್ನೂ ಉಳಿದಿತ್ತು. ಯಾವ ಬದು ಯಾರದೆಂದು ಎಲ್ಲರಿಗೂ ನೆನಪಿತ್ತು. ತಮ್ಮ ತಮ್ಮ ಬದುವಿಗೇ ಹೋಗಿ ಚೆಲ್ಲಿದರು. ‘ಹುಲ್ಲುಲ್ಲಿಗೋ!’ ಎಂದು ಚಂದಮ್ಮ ಚರಗದ ಕೂಗು ಹಾಕಿದಾಗ ಮೊದಲು ಹೆಂಗಸರು, ಆಮೇಲೆ ಗಂಡಸರು ಕೂಗಿಗೆ ಕೂಗು ಸೇರಿಸಿದರು. ಫಲಕ ತೊಳೆಯುವ ಗಾಡಿ ನಡೆಸುತ್ತಿದ್ದ ಜಗದೇವಿಯ ಗಂಡ ಬಂಡೆಪ್ಪ, ಗಾಡಿ ಅಲ್ಲೇ ನಿಲ್ಲಿಸಿ, ತಲೆಗೆ ಟವೆಲು ಸುತ್ತಿಕೊಂಡು ಓಡಿಬಂದ.

ನೀರು ತೆಗೆದರೂ ಬೇರಿನ ಸಂದುಗಳಲ್ಲಿ ಅಮೋನಿಯಾ ಉಳಿದಿರುತ್ತದೆ. ಜಗದೇವಿ ಪ್ರತಿ ಮನೆಗೂ ಒಂದು ಬಟ್ಟೆಯ ಗಂಟು ಕೊಟ್ಟಳು. ಒಳಗೆ ಕುಟ್ಟಿದ ಜೋಳದ ದಂಟಿನ ಪುಡಿ. ದಂಟಿನಲ್ಲಿ ಇಂಗಾಲ ಬಹಳ, ಸಾರಜನಕ ಕಡಿಮೆ. ಅದನ್ನು ತಿನ್ನಲು ಬಂದ ನೀರಿನ ಸೂಕ್ಷ್ಮಜೀವಿಗಳು ತಮಗೆ ಸಾಲದ ಸಾರಜನಕವನ್ನು ಸುತ್ತಲಿನಿಂದ ಎಳೆದುಕೊಳ್ಳುತ್ತವೆ. ಎರಡು ದಿನ ಬೇರಿನ ನೀರಿನಲ್ಲಿಟ್ಟು ಆ ಬಟ್ಟೆಗಂಟನ್ನು ಹೊರಗೆ ತೆಗೆದರೆ ನೀರು ಚೊಕ್ಕ, ಗಿಡಕ್ಕೆ ಮತ್ತೆ ಹಸಿವು.

‘ಅಂದ್ರ ಉಪವಾಸ ಕೆಡವೋದು,’ ಎಂದಳು ಚಂದಮ್ಮ ಅಸಮಾಧಾನದಿಂದ.

‘ಉಪವಾಸ ಅಲ್ರಿ. ತನ್ನ ಮನಿ ಒಲಿ ತಾನ ಹಚ್ಚಲಿ ಅಂತ.’

‘ಹೂಂ. ಅದು ಬೇಸ್,’ ಎಂದು ಅತ್ತೆ ಒಪ್ಪಿದಳು. ‘ಎಷ್ಟ ದಿನ ತವರಮನಿ ಬುತ್ತಿ ಉಂಡೀತು!’

ಆಮೇಲೆ ಕಾಯುವುದೊಂದೇ ಉಳಿಯಿತು. ಸತ್ತ ಗಂಟುಗಳು ಬದುಕುವುದಿಲ್ಲ, ಹೊಸವು ಹುಟ್ಟಬೇಕು. ಏಳನೆಯ ದಿನ ಪರದೆಯ ಮೇಲೆ ಜೀವಂತ ಗಂಟಿನ ಮನೆಗಳು ಐವತ್ತಕ್ಕೆ ಇಳಿದವು. ಒಂಬತ್ತನೆಯ ದಿನ ಐವತ್ತೆರಡು. ಹೆಂಗಸರು ಕೊಠಡಿಯ ಕಿಟಕಿಗೆ ಮುಖವಿಟ್ಟು, ‘ಎಷ್ಟಾಯ್ತವ್ವ?’ ಎಂದು ಕೇಳಿ ಹೋಗುತ್ತಿದ್ದರು. ಹತ್ತನೆಯ ದಿನ ಜಗದೇವಿ ತನ್ನ ಮನೆಯ ಗೂಡಿನ ಬೇರೊಂದನ್ನು ಭೂತಗನ್ನಡಿಯ ಕೆಳಗೆ ಹಿಡಿದಳು. ಹಳೆಯ ಕಂದು ಗಂಟುಗಳ ನಡುವೆ ಎಳ್ಳಿನಷ್ಟು ಗಾತ್ರದ ಬಿಳಿ ಚುಕ್ಕೆಗಳು. ಒಂದನ್ನು ಸೂಜಿಯ ಮೊನೆಯಿಂದ ಒಡೆದಳು. ಉಗುರಿಗೆ ಗುಲಾಬಿ ಹತ್ತಿತು.

ಚಂದಮ್ಮ ಅವಳ ಬೆರಳು ಹಿಡಿದು ಬೆಳಕಿಗೆ ತಿರುಗಿಸಿದಳು. ‘ನೆತ್ತರ ಅದ ಇದು!’

‘ನೆತ್ತರದ ಸಂಬಂಧೀನ ಅದ್ರಿ. ಉಸಿರಾಟದ ಕೆಲಸಕ್ಕ ಬೇಕಾಗ್ತದ.’

‘ಬಸುರಿ ಅಂದ್ರ ನನ್ನ ನಕ್ಕಿದ್ದಿ.’

‘ನಾ ಎಲ್ಲಿ ನಕ್ಕೀನ್ರಿ?’

‘ಬಾಯಿಲೆ ನಕ್ಕಿಲ್ಲ,’ ಎಂದು ಚಂದಮ್ಮ ಬೆರಳು ಬಿಟ್ಟಳು.

ಹದಿನಾಲ್ಕನೆಯ ದಿನ ಮಂಡಳಿಯ ನಿರ್ದೇಶಕ ಮರಿಬಸವಯ್ಯ ಬಂದರು. ಮಂಡ್ಯದ ಕಡೆಯವರು, ತೆಳ್ಳಗಿನ ಮನುಷ್ಯ, ಮಾತಿಗಿಂತ ಕಾಗದವನ್ನು ನಂಬುವವರು. ಪರದೆಯ ಮೇಲೆ ಮುನ್ನೂರ ಹದಿನೆಂಟು ಹಸಿರು ಚುಕ್ಕೆಗಳಿದ್ದವು. ಅವರು ಪರದೆ ನೋಡಿ ತಲೆಯಾಡಿಸಿ ದಿನಚರಿ ಪುಸ್ತಕ ತೆರೆದರು.

‘ಚರಗ. ಏನಮ್ಮ ಇದು? ಯಾವ ರಾಸಾಯನಿಕ?’

ಜಗದೇವಿ ಹೇಳಿದಳು. ಎಲ್ಲವನ್ನೂ, ಕಡುಬಿನ ತುಂಡಿನಿಂದ ಹಿಡಿದು. ತನ್ನ ಮನೆಯಲ್ಲೂ ಹಾಕಿದ್ದರೆಂಬುದನ್ನೂ. ಮರಿಬಸವಯ್ಯ ಕನ್ನಡಕ ತೆಗೆದು ಒರೆಸಿದರು.

‘ಅಂಕಿ ಸರಿಯಾಗಿದೆ, ಒಪ್ಕೊಂಡೆ. ಆದ್ರೆ ನಾನ್ ಮೇಲಿನವರಿಗೆ ಏನ್ ಹೇಳ್ಲಿ? ಮುಂದಿನ ವರ್ಷ ಹಾಕಲ್ಲ ಅಂತ ಜನರ ಹತ್ರ ಬರೆಸ್ಕೊಡ್ತೀರಾ?’

‘ಇಲ್ಲ ಸರ್,’ ಎಂದಳು ಜಗದೇವಿ. ‘ಹಾಕ್ತಾರಂತ ಬರದುಕೊಡ್ತೀನಿ.’

ಖಾಜಾಸಾಬ ಕೆಮ್ಮಿದ. ಜಗದೇವಿ ಮೇಜಿನ ಮೇಲೆ ಒಂದು ನಕ್ಷೆ ಬಿಡಿಸಿಟ್ಟಳು. ಅದೇ ಗೂಡು, ಆದರೆ ಗಾಜಿನ ಹೊರಗೆ ನಾಲ್ಕು ಮೂಲೆಗಳಲ್ಲಿ ನಾಲ್ಕು ಬಟ್ಟಲು. ಬೇರಿನ ನೀರಿಗೂ ಅವಕ್ಕೂ ಸಂಬಂಧವಿಲ್ಲ. ಚೆಲ್ಲಿದ್ದು ಅಲ್ಲೇ ನಿಲ್ಲುತ್ತದೆ, ಸಂಜೆ ಬಟ್ಟಲು ಕಳಚಿ ಬದುವಿಗೆ ಒಯ್ಯಬಹುದು. ‘ಹೊಲಕ್ಕ ಇದ್ದಿದ್ದು ಗೂಡಿಗಿ ಇದ್ದಿಲ್ಲ ಸರ್. ತಪ್ಪು ನಕ್ಷೆದಾಗ ಇತ್ತು. ಅವರದಲ್ಲ, ನಮ್ಮದು.’

ನಿರ್ದೇಶಕರು ನಕ್ಷೆಯನ್ನು ಅತ್ತಿತ್ತ ತಿರುಗಿಸಿದರು. ‘ಇದ್ರಲ್ಲಿ ಪೂರ್ವ ಯಾವ ಕಡೆ?’ ಎಂದು ಕೇಳಿದರು.

ಅವಳು ತೋರಿಸಿದಳು. ಅವರು ಜೇಬಿನಿಂದ ಪೆನ್ನು ತೆಗೆದು ಅಲ್ಲೊಂದು ಬಾಣದ ಗುರುತು ಹಾಕಿ ಸಹಿ ಮಾಡಿದರು. ಮಧ್ಯಾಹ್ನ ಚಂದಮ್ಮನ ಕೈಯ ತೊಗರಿಬೇಳೆ ಸಾರಿಗೆ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುವಾಗ, ‘ನಮ್ಮ ಕಡೆ ಇಷ್ಟು ಬೆಳ್ಳುಳ್ಳಿ ಹಾಕಲ್ಲ’ ಎಂದರು. ಅನ್ನ ಮಾತ್ರ ಮುಗಿಸಿದರು.

ಮರುವರ್ಷದ ಎಳ್ಳು ಅಮಾವಾಸ್ಯೆ. ಹನ್ನೊಂದೂವರೆಯಾದರೂ ಪರದೆಯ ಮೇಲೆ ನಾನೂರ ಹನ್ನೆರಡು ಚುಕ್ಕೆಗಳೂ ಹಸಿರು. ಮೇಲಿನ ಮಹಡಿಗಳಿಂದ ಚರಗದ ಕೂಗು ಇಳಿದುಬರುತ್ತಿತ್ತು. ಜಗದೇವಿ ಅತ್ತೆ ಕಳಿಸಿದ ಬುತ್ತಿ ಬಿಚ್ಚಿ, ಖಾಜಾಸಾಬನಿಗೂ ಬಡಿಸಿದಳು. ಅವನು ಬಟ್ಟಲು ಹಿಡಿದು ಬಾಗಿಲ ಕಡೆ ಹೋಗಿ ಬಂದ. ಅವಳು ಒಂದು ತುತ್ತು ಬಾಯಿಗಿಡುವಷ್ಟರಲ್ಲಿ ಪರದೆಯ ಕೆಳಮೂಲೆಯಲ್ಲಿ ಒಂದು ಚುಕ್ಕೆ ಹಳದಿಯಾಯಿತು. ಅದು ಯಾವ ಬ್ಲಾಕಿನದೂ ಅಲ್ಲ. ನಾನೂರ ಹದಿಮೂರನೆಯದು, ಇದೇ ಕೊಠಡಿಯ ಬಾಗಿಲ ಹಿಂದಿದ್ದ ಪರೀಕ್ಷೆಯ ಗೂಡು.

ಅವಳು ಖಾಜಾಸಾಬನನ್ನು ನೋಡಿದಳು. ಅವನು ಭಜ್ಜಿಯ ಬಟ್ಟಲನ್ನೇ ನೋಡುತ್ತಿದ್ದ.

‘ಖಾಜಾ?’

‘ನಮ್ಮಪ್ಪನೂ ಚೆಲ್ಲತಿದ್ದ ಮೇಡಂ. ಅರ್ಧ ಎಕರೆ ಇತ್ತು ನಮದೂ.’

‘ವರ್ಷಗಟ್ಲೆ ಜನಕ್ಕ ಬುದ್ಧಿ ಹೇಳ್ದವ ನೀನು!’

‘ಹೇಳೀನ್ರಿ. ಇಲ್ಲಂತಲ್ಲ.’ ಅವನು ತಲೆಯೆತ್ತಿದ. ‘ಆದ್ರ ಎಲ್ಲಾ ಮನಿ ಗೂಡಿಗಿ ಬಟ್ಟಲ ಇಟ್ರಿ, ಇದಕ್ಕ ಇಟ್ಟಿಲ್ಲ. ಪಾಪ, ಇದೂ ಕಾಯಿ ಹಿಡದಾದ. ಎಲ್ಲಿ ಹಾಕ್ಲಿ ಹೇಳ್ರಿ?’

ಪರೀಕ್ಷೆಯ ಗೂಡಿಗೂ ಹಬ್ಬವಿರುತ್ತದೆಂದು ಜಗದೇವಿಯ ನಕ್ಷೆಯಲ್ಲಿ ಇರಲಿಲ್ಲ.

ದಿನಚರಿ ಪುಸ್ತಕ ಎಳೆದು ಅದೇ ಅಂಕಣದಲ್ಲಿ ಅದೇ ಮಾತು ಬರೆದಳು. ಆಮೇಲೆ ಗೂಡಿನ ಪೆಟ್ಟಿಗೆಯ ನೀರನ್ನು ಚರಿಗೆಗೆ ಬಸಿದುಕೊಂಡು ಹೊರಗೆ ಬಿಸಿಲಿಗೆ ಬಂದು, ತವರಿನ ಹೊಲವಿದ್ದ ಕಡೆಯ ಬದುವಿನ ಮೇಲೆ ನಿಂತಳು. ಪೂರ್ವಕ್ಕೆ ಚೆಲ್ಲಿದಳು, ದಕ್ಷಿಣಕ್ಕೆ ಚೆಲ್ಲಿದಳು. ಫಲಕಗಳ ಅಂಚಿನಲ್ಲಿ ಕುಳಿತಿದ್ದ ಗುಬ್ಬಿಗಳು ಕೆಳಗಿಳಿದವು. ಸುತ್ತ ಯಾರೂ ಇಲ್ಲವೆಂದು ಒಮ್ಮೆ ನೋಡಿಕೊಂಡು, ಹದಿನೈದು ವರ್ಷದವಳಿದ್ದಾಗ ಕೂಗಿ ಬಿಟ್ಟಿದ್ದ ಕೂಗನ್ನು ಮೆಲ್ಲಗೆ, ಗಂಟಲು ಪರೀಕ್ಷಿಸುವಂತೆ, ಹಾಕಿದಳು.

‘ಜೋರಾಗಿ ಒದರ್ರಿ ಮೇಡಂ,’ ಎಂದ ಕಿಟಕಿಯಿಂದ ಖಾಜಾಸಾಬ. ‘ಇನ್ನಾ ಎರಡ ದಿಕ್ಕ ಉಳದಾವ.’